ಕಣ್ಣಿಗೊತ್ತಿಕೊಂಡ ನೀರು

ಮುಕ್ಕಾಂ: ಗಜೇಂದ್ರಗಡ
ಬಿಸಿಗಾಲದ ಏಳನೆಯ ತಿಂಗಳು, ನಲವತ್ತೊಂದನೆಯ ತಾರೀಖು
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂಬತ್ತು

ನಮ್ಮ ವಂಶದ ಹಿರಿಯಾಯಿ, ನಮ್ಮ ನಾಟಕ ಕಂಪನಿ ಕಟ್ಟಿದ ಮಹಾತಾಯಿ ಹೊಳೆವ್ವನ ಪಾದಗಳಿಗೆ, ನಿನ್ನಿಂದ ಎಂಟು ತಲೆಮಾರು ಕೆಳಗೆ ನಿಂತಿರುವ ಮೊಮ್ಮಗ, ಆ ಕಂಪನಿಯ ಈಗಿನ ಮಾಲಕ ಫಕ್ಕೀರೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಬೆಚ್ಚಬೇಡ, ಆಯಿ. ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಬೆರಳು ಮಡಚಿ ಎಣಿಸಲೂಬೇಡ. ಮಳೆ ಬೀಳುವ ತನಕ ತಿಂಗಳು ಮುಗಿಸಬಾರದೆಂಬುದು ನಮ್ಮ ಕಾಲದ ಪಂಚಾಂಗದವರ ಹಟ; ಮಳೆಗೂ ಅಷ್ಟೇ ಹಟ. ನನ್ನ ಕೆಲವು ಮಾತುಗಳು ನಿನ್ನ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸು. ಇದು ಹಿಂದಂಚೆಯಲ್ಲಿ ಬರುತ್ತಿರುವ ಕಾಗದ. ಹಿಂದಂಚೆ ಎಂದರೆ ಕಾಲದ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿ ಬಿಡುವ ಟಪಾಲು. ತಲುಪಿತೋ ಇಲ್ಲವೋ ಕಳಿಸಿದವನಿಗೆ ಗೊತ್ತಾಗುವುದಿಲ್ಲ, ಮರುತ್ತರ ಬರುವುದಿಲ್ಲ. ಒಂದು ಮನೆತನಕ್ಕೆ ಒಂದೇ ಸಲ ಅದರ ಅವಕಾಶ. ನಮ್ಮಪ್ಪ, ನಮ್ಮಜ್ಜ ಇಬ್ಬರೂ ಅದನ್ನು ಒಂದು ಒಳ್ಳೆಯ ಸುದ್ದಿಗೆಂದು ಕಾಯ್ದಿಟ್ಟು ಹೋದರು. ನಾನು ಅದನ್ನು ಇಂದು ಇಂಥದಕ್ಕೆ ಖರ್ಚು ಮಾಡುತ್ತಿದ್ದೇನೆ.

ಮೊದಲು ನಮ್ಮ ನೀರಿನ ವಿಚಾರ ತಿಳಿಸಬೇಕು. ಅದು ತಿಳಿಯದೆ ನನ್ನ ಪಾಪದ ತೂಕ ನಿನಗೆ ಸಿಗಲಾರದು. ನಮ್ಮಲ್ಲಿ ನೀರಿಗೆ ಎರಡೇ ಹೆಸರು: ಹಸಿನೀರು, ಬೆಂದನೀರು. ಕೆರೆಯದಿರಲಿ, ಬಾವಿಯದಿರಲಿ, ನಳದ್ದಿರಲಿ, ಕುದಿಸದೆ ಇದ್ದದ್ದೆಲ್ಲ ಹಸಿನೀರು. ಬೀಗರು ಮನೆಗೆ ಬಂದರೆ ಮೊದಲು ಬೆಂದನೀರಿನ ತಂಬಿಗೆ, ಅದರ ಬೆನ್ನಿಗೆ ಬೆಲ್ಲ. ನಿನ್ನ ಕಾಲದಲ್ಲಿ ಕಡುಬೇಸಿಗೆಯಲ್ಲಿ ಮಾತ್ರ ಬೆಚ್ಚಗಾಗುತ್ತಿದ್ದ ಕೆರೆಗಳು ನಮ್ಮಲ್ಲಿ ವರ್ಷದ ಹೆಚ್ಚಿನ ಪಾಲು ಬಾಣಂತಿಯ ಹಂಡೆಯಂತೆ ಬೆಚ್ಚಗಿರುತ್ತವೆ. ಆ ಬಿಸುಪಿನಲ್ಲಿ ಅಲೆಮಾರಿಗಳು ಹುಲುಸಾಗಿ ಬೆಳೆದಿವೆ. ನೀವು ಅಮೀಬಾ ಅನ್ನುತ್ತೀರಲ್ಲ, ಕಣ್ಣಿಗೆ ಕಾಣದ ಆ ಒಂಟಿ ಜೀವಿಗೆ ನಾವು ಇಟ್ಟ ಹೆಸರು ಅಲೆಮಾರಿ. ಜಂತುಹುಳದ ಹಾಗೆ ಯಾರದೋ ಹೊಟ್ಟೆ ಸೇರಿಯೇ ಬದುಕಬೇಕೆಂಬ ಹಂಗು ಅದಕ್ಕಿಲ್ಲ. ಕೆಸರಿನಲ್ಲಿ, ನಿಂತ ನೀರಿನಲ್ಲಿ, ನಳದ ಒಳಗೋಡೆಯ ಲೋಳೆಯಲ್ಲಿ ತನ್ನ ಪಾಡಿಗೆ ತಾನು ಮೇಯ್ದುಕೊಂಡಿರುತ್ತದೆ. ಆದರೆ ಅವುಗಳಲ್ಲೊಂದು ಕುಲವಿದೆ. ಮುಳುಗು ಹಾಕಿದಾಗ ನೀರು ಮೂಗಿನ ಮೇಲಕ್ಕೆ ಏರಿದರೆ, ಆ ಕುಲದ್ದು ವಾಸನೆಯ ನರದ ದಾರಿ ಹಿಡಿದು ಮಿದುಳಿಗೇ ನಡೆದುಬಿಡುತ್ತದೆ. ಅದೇ ನೀರನ್ನು ಕುಡಿದರೆ ಅದು ಮಿದುಳು ಮುಟ್ಟುವುದಿಲ್ಲ. ಮೂಗಿಗೆ ಏರಿತೋ, ಬದುಕಿ ಬಂದವರು ಬಹಳ ವಿರಳ. ಹೀಗಾಗಿ ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಹೆಸರು ಕೂಗಿದ ಮೇಲೆ ಅದರ ಮುಂಗೈಗೆ ಒಂದು ಪುಟ್ಟ ಮೂಗುಬೀಗ ಕಟ್ಟುತ್ತಾಳೆ. ನೀರಿಗಿಳಿಯುವ ಮುಂಚೆ ಮೂಗನ್ನು ಹಿಡಿದು ಮುಚ್ಚುವ ಚಿಮಟಿಗೆ ಅದು. ಮದುವಣಿಗನಿಗೆ ಬೆಳ್ಳಿಯದು ಮಾಡಿಸುತ್ತಾರೆ. ಮೂಗುಬೀಗವಿಲ್ಲದೆ ಹೊಂಡಕ್ಕೆ ಹಾರಿದ ಹುಡುಗನಿಗೆ ಇಡೀ ಓಣಿಯೇ ಸೇರಿ ಬಯ್ಯುತ್ತದೆ.

ಈ ಎಚ್ಚರವನ್ನು ಜನರ ಎದೆಗೆ ಇಳಿಸಿದವರು ಯಾರು? ನಿನ್ನ ಕಂಪನಿಯವರು, ಆಯಿ! ನೀನು ತಗಡಿನ ಥಿಯೇಟರಿನಲ್ಲಿ ಅತ್ತೆ ಸೊಸೆಯರ ನಾಟಕ ಆಡಿಸಿದೆ. ಮುಂದೆ ನಿನ್ನ ಮಕ್ಕಳ ಮಕ್ಕಳು ‘ನಾಸಿಕಾಸುರ ವಧೆ’ ಕಟ್ಟಿದರು. ಊರೂರಿಗೆ ಕ್ಯಾಂಪ್ ಹಾಕಿ ಆಡಿದ್ದೇ ಆಡಿದ್ದು. ಮೂರನೆಯ ಅಂಕದಲ್ಲಿ ನಾಸಿಕಾಸುರನ ಪ್ರವೇಶ. ದೀಪ ಆರುತ್ತದೆ, ನಗಾರಿ ಗುಡುಗುತ್ತದೆ, ಕತ್ತಲಲ್ಲಿ ಎರಡು ಹಳದಿ ಕಣ್ಣು ಹೊತ್ತಿಕೊಳ್ಳುತ್ತವೆ. “ಎಲೈ ಮನುಜರೇ! ನಿಮ್ಮ ಕೋಟೆಯ ಹೆಬ್ಬಾಗಿಲು ನನಗೇತಕ್ಕೆ? ನಿಮ್ಮ ಮೂಗಿನ ಎರಡು ಕಿಂಡಿ ಸಾಕು!” ಎಂದು ಆ ದೈತ್ಯ ಅಬ್ಬರಿಸಿದರೆ ಮುಂದಿನ ಸಾಲಿನ ಮಕ್ಕಳೆಲ್ಲ ಗಪ್ಪನೆ ಮೂಗು ಹಿಡಿದುಕೊಳ್ಳುತ್ತಾರೆ. ಆ ದೈತ್ಯನ ಪಾತ್ರ ಮಾಡುವವಳು ಮಾಳವ್ವ. ಹೆಣ್ಣುಮಗಳು ದೈತ್ಯನಾದದ್ದು ನಿನಗೆ ಸಂತೋಷ ತಂದೀತು. ಅವಳ ಗಂಟಲಿಗೆ ಮೈಕು ಬೇಡ. ಹೊತ್ತಿಕೊಳ್ಳುವ ಆ ಕಣ್ಣು ಮಾತ್ರ ಅವಳವಲ್ಲ, ಕಣ್ಬಿಲ್ಲೆಗಳು. ನೀವು ಲೆನ್ಸ್ ಎಂದು ಕರೆಯುವ, ಕಣ್ಣುಗುಡ್ಡೆಯ ಮೇಲೆ ಕೂರಿಸುವ ತೆಳ್ಳನೆಯ ಬಿಲ್ಲೆಗಳು. ಬೆಳಕು ಕುಡಿದು ಬೆಳಕು ಉಗುಳುವಂಥವು.

ಇನ್ನು ಕೊಡದ ಕಥೆಗೆ ಬರುತ್ತೇನೆ. ಬರಲೇಬೇಕು.

ನಿನ್ನ ಮೊದಲ ಕ್ಯಾಂಪಿನಲ್ಲಿ ನೀನು ಒಂದು ತಾಮ್ರದ ಕೊಡ ತುಂಬಿ ರಂಗದ ಮಗ್ಗುಲಿನ ಸೈಡ್ ವಿಂಗಿನಲ್ಲಿ ಇಟ್ಟೆಯಂತೆ. ಆ ಊರಿನ ನೀರೇ ನಮಗೆ ಅನ್ನ ಹಾಕುತ್ತದೆಂದು, ರಂಗಕ್ಕೆ ಹೋಗುವ ಪ್ರತಿಯೊಬ್ಬರೂ ಅದರಲ್ಲಿ ಬೆರಳದ್ದಿ ಎರಡೂ ಕಣ್ಣಿಗೆ ಒತ್ತಿಕೊಂಡು ಹೋಗಬೇಕೆಂಬ ನೇಮ ಮಾಡಿದೆಯಂತೆ. ಚೆಂದದ ನೇಮ. ಆ ಕೊಡ ಇಂದಿಗೂ ಇದೆ. ನಮ್ಮಪ್ಪನ ಕಾಲದಲ್ಲೂ ಆಮೇಲೂ ಆಟದ ಮರುದಿನ ಅದನ್ನು ಬೋರಲು ಹಾಕಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಸ ನೀರು ತುಂಬುತ್ತಿದ್ದರು. ಹಾಗೆಂದು ನೀನೇ ಹೇಳಿಹೋಗಿದ್ದೆಯಂತೆ.

ಅದನ್ನು ಮುರಿದವನು ನಾನು. ಹೋದ ವರ್ಷ ಇಳಕಲ್ಲ ಕ್ಯಾಂಪಿನಲ್ಲಿ ಆಟದ ಮುಂಚೆ ಪರದೆಯ ಮುಂದೆ ನಿಂತು ಭಾಷಣ ಮಾಡುತ್ತಿದ್ದೆ. ಥಿಯೇಟರ್ ಕಿಕ್ಕಿರಿದಿತ್ತು, ಅಷ್ಟು ಜನ ಕಂಡರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗರ್ಜಿಸಿಬಿಟ್ಟೆ: “ರಸಿಕ ಮಹಾಜನರೇ! ಇನ್ನೂರು ವರ್ಷದಿಂದ ಈ ಕೊಡ ಬರಿದಾಗಿಲ್ಲ! ಮಹಾತಾಯಿ ಹೊಳೆವ್ವ ತುಂಬಿದ ನೀರಿನ ಮೇಲೆ ಊರೂರಿನ ನೀರು ಬಿದ್ದಿದೆಯೇ ಹೊರತು, ಒಂದು ಹನಿ ಚೆಲ್ಲಿಲ್ಲ!” ಅಬ್ಬಾ, ಆ ಚಪ್ಪಾಳೆ! ತಗಡು ಹಾರಿಹೋಗುವ ಹಾಗಿತ್ತು. ಮುದುಕಿಯರು ಎದ್ದು ಕೈಮುಗಿದರು. ಅಷ್ಟು ಚಪ್ಪಾಳೆ ಬಿದ್ದ ಸುಳ್ಳನ್ನು ಮರುದಿನ ಹುಣಸೆಹಣ್ಣು ಹಚ್ಚಿ ತೊಳೆಯುವುದು ಹೇಗೆ? ಅಂದಿನಿಂದ ಕೊಡ ಬೋರಲಾಗಲಿಲ್ಲ. ಹೊಸ ಕ್ಯಾಂಪಿಗೆ ಹೋದಾಗ ಆ ಊರಿನ ಒಂದು ತಂಬಿಗೆ ಹಸಿನೀರು ಮೇಲೆ ಸುರಿಯುವುದು, ಅಷ್ಟೆ. ನಮ್ಮ ಪೇಟಿ ಮಾಸ್ತರ್ ವೀರಪ್ಪಯ್ಯ, ಅಂದರೆ ಹಾರ್ಮೋನಿಯಂ ನುಡಿಸುವ ಹಿರಿಯರು, ಅಲ್ಲಿಯ ತನಕ ತಾವೇ ಅದನ್ನು ತೊಳೆಯುತ್ತಿದ್ದವರು. “ಮಾಲಕರ ಬಾಯಾಗ ಆಯೀನ ನುಡಿದಾಳ, ಇನ್ನ ತೊಳಿಯೂದು ಬ್ಯಾಡ” ಎಂದು ನಂಬಿ ಕೊಡದ ಕಾವಲಿಗೆ ಕೂತುಬಿಟ್ಟರು. ನಮ್ಮನ್ನು ನೋಡಿ ಬೇರೆ ಕಂಪನಿಗಳೂ ಬರಿದಾಗದ ಕೊಡ ಇಟ್ಟುಕೊಂಡವು. ನಮ್ಮ ಪ್ರೇಕ್ಷಕರ ದೇವರ ಮನೆಗಳಲ್ಲೂ ಒಂದೊಂದು ಕೊಡ ಕೂತಿತು.

ಮಾಳವ್ವ ಬಿಲ್ಲೆಗಳನ್ನು ಆ ನೀರಲ್ಲೇ ಅದ್ದಿ, ಕಣ್ಣಿಗೊತ್ತಿಕೊಂಡು, ಹಾಕಿಕೊಳ್ಳುತ್ತಿದ್ದಳು. ಬರಿಯ ಕಣ್ಣಾಗಿದ್ದರೆ ರೆಪ್ಪೆಯೂ ಕಣ್ಣೀರೂ ಸೇರಿ ಬಂದದ್ದನ್ನು ಬಹುಮಟ್ಟಿಗೆ ತೊಳೆದು ಹಾಕುತ್ತವೆ. ಬಿಲ್ಲೆಯ ಕೆಳಗೆ ಸಿಕ್ಕಿದ್ದು ಮಾಡಿನ ಕೆಳಗೆ ಮಲಗಿದಂತೆ ನೆಮ್ಮದಿಯಾಗಿ ಇರುತ್ತದೆ.

ಈ ಗಜೇಂದ್ರಗಡ ಕ್ಯಾಂಪಿಗೆ ಬಂದ ಹೊಸತರಲ್ಲಿ ಅವಳ ಎಡಗಣ್ಣು ಕೆಂಪಾಯಿತು. “ಅಣ್ಣಾ, ಕಣ್ಣಾಗ ಕಾದ ಸೂಜಿ ಚುಚ್ಚಿದಂಗ ಆಗತೈತಿ. ದೀಪ ನೋಡಾಕ ಆಗವಲ್ದು” ಎಂದಳು. ನಾನು ಕಂಪನಿಯ ಔಷಧಿ ಡಬ್ಬಿ ತಡಕಾಡಿ, ಯಾರಿಗೋ ಯಾವಾಗಲೋ ಕೊಟ್ಟಿದ್ದ, ಕೆಂಪು ಇಳಿಸುವ ಹನಿ ತೆಗೆದು ಹಾಕಿದೆ. ಕೆಂಪು ಇಳಿಯಿತು! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಹನಿ ಕಣ್ಣಿನ ಕಾವಲುಗಾರರನ್ನು ಮಲಗಿಸಿ ಕಳ್ಳನಿಗೆ ದಾರಿ ಬಿಡುವಂಥದೆಂದು ನನಗೆ ತಿಳಿದದ್ದು ಆಮೇಲೆ. ಮರುದಿನ ಸಂಜೆಯ ಆಟದಲ್ಲಿ ದೈತ್ಯ ಸಾಯುವ ದೃಶ್ಯ. ಮಾಳವ್ವನ ಎಡಗಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಬಣ್ಣ ಕದಡಿ ಕೆನ್ನೆಯ ಮೇಲೆ ಹರಿಯಿತು. ಸಾಯುವ ರಾಕ್ಷಸ ಅಳುತ್ತಿದ್ದಾನೆ! ಪ್ರೇಕ್ಷಕರು ಉಸಿರು ಹಿಡಿದರು, ಆಮೇಲೆ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ವಿಂಗಿನಲ್ಲಿ ನಿಂತಿದ್ದ ನಾನು ಹಿಗ್ಗಿಹೋದೆ. ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದಾಗ ನಾನು ಆಡಿದ ಮಾತು ಇದು, ಆಯಿ: “ಭಲೇ ಮಾಳವ್ವಾ! ನಾಳಿನ ಆಟದಾಗೂ ಹಿಂಗ ಅಳಬೇಕ ನೋಡು!” ಅವಳು ದೀಪಕ್ಕೆ ಬೆನ್ನು ಹಾಕಿ ಕೂತಳು. ತಡಕಾಡಿಕೊಂಡು ಬಿಲ್ಲೆ ತೆಗೆದಳು.

ಅವಳನ್ನು ಇಲ್ಲಿಯ ಕಣ್ಣಿನ ಡಾಕ್ಟರ್ ನಸೀಮಾಬಾನು ಅವರ ಬಳಿ ಕರೆದೊಯ್ಯುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬಿಳಿಯ ಉಂಗುರ ಎದ್ದಿತ್ತು. ಡಾಕ್ಟರು ಕಣ್ಣಿನ ಮೇಲ್ಪದರದಿಂದ ಚೂರು ಕೆರೆದು, ಮಾಳವ್ವನನ್ನು ಅಲ್ಲೇ ಮಲಗಿಸಿ, ಒಳಕೋಣೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೊಬ್ಬನಿಗೇ ತೋರಿಸಿದರು. ಎರಡು ಸುತ್ತಿನ ಗೋಡೆ ಕಟ್ಟಿಕೊಂಡು ಒಳಗೆ ಮಲಗಿದ ಪುಟ್ಟ ಉಂಡೆಗಳು. ಅಲೆಮಾರಿಗಳ ಇನ್ನೊಂದು ಕುಲ ಇದು. ಮೂಗಿನ ದಾರಿ ಹಿಡಿದು ಮಿದುಳಿಗೆ ಓಡುವುದಲ್ಲ, ಕಣ್ಣಿನ ಪಾರದರ್ಶಕ ಪೊರೆಯನ್ನು ತಿನ್ನುವುದು. ಕಷ್ಟ ಬಂದಾಗ ಹೀಗೆ ಗೋಡೆ ಕಟ್ಟಿಕೊಂಡು ಕೂತರೆ ಔಷಧಿಗೂ ಜಗ್ಗುವುದಿಲ್ಲವಂತೆ. “ಮಾಲಕರ, ಬಿಲ್ಲೆಗೆ ಯಾವ ನೀರು ಮುಟ್ಟಿಸಿದ್ರಿ?” ಎಂದು ಕೇಳಿದರು. ನಾನು ಕೊಡದ ಹೆಸರು ಹೇಳಿದೆ. ಆಕೆ ನನ್ನ ನಾಟಕ ನೋಡಿದವರು. ನೇರವಾಗಿ ಕೇಳಿದರು: “ಮೂಗಿಗೆ ಕೀಲಿ ಹಾಕ್ರಿ ಅಂತ ಊರಿಗೆಲ್ಲಾ ಹೇಳಿದ್ರಿ. ಕಣ್ಣು ಯಾರ ಪಾಲಿಗೆ ಬಿಟ್ಟಿದ್ರಿ?” ತಿಂಗಳುಗಟ್ಟಲೆ ಹನಿ ಬಿಡಬೇಕು, ಮೊದಮೊದಲು ತಾಸಿಗೊಮ್ಮೆ, ಹಗಲು ರಾತ್ರಿ ಎನ್ನದೆ. ಆಮೇಲೂ ಪೊರೆ ಬದಲಿಸಬೇಕಾದೀತು. ದೃಷ್ಟಿ ಎಷ್ಟು ಉಳಿದೀತು ಎಂದು ಈಗಲೇ ಮಾತು ಕೊಡಲಾರೆ ಎಂದರು.

ಇಷ್ಟು ತಿಳಿದ ಮೇಲೆ ನಾನೇನು ಮಾಡಿದೆ? ಏನೂ ಮಾಡಲಿಲ್ಲ. ಮಾಳವ್ವನ ಕಣ್ಣಿಗೆ ಧೂಳು ಹೊಕ್ಕಿದೆ ಎಂದು ಕಂಪನಿಗೆ ಹೇಳಿದೆ. ಅವಳಿಗೂ ಕೊಡದ ಮಾತು ಎತ್ತಲಿಲ್ಲ. ದೈತ್ಯನಿಲ್ಲದ ಸಾಮಾಜಿಕ ನಾಟಕ ಹಾಕಿ ದಿನ ದೂಡಿದೆ. ಹೊರಗಿನವರಿಗೆ ತಿಳಿದರೆ ನಾಸಿಕಾಸುರನನ್ನು ಕೊಲ್ಲುವ ಕಂಪನಿಯ ಕೊಡದಲ್ಲೇ ರಾಕ್ಷಸನಿದ್ದನೆಂದು ನಗುತ್ತಾರೆ, ನಕ್ಕವರು ನಾಳೆ ಮೂಗುಬೀಗಕ್ಕೂ ನಗುತ್ತಾರೆ, ಮಕ್ಕಳು ಸಾಯುತ್ತಾರೆ ಎಂದು ನನಗೆ ನಾನೇ ದೊಡ್ಡ ಸಂಭಾಷಣೆ ಬರೆದುಕೊಂಡೆ. ಪ್ರೇಕ್ಷಕನೂ ನಾನೇ ಆದ್ದರಿಂದ ಅದಕ್ಕೂ ಚಪ್ಪಾಳೆ ಬಿತ್ತು. ಇಂದು ಸಂಜೆ ಮತ್ತೆ ‘ನಾಸಿಕಾಸುರ ವಧೆ’. ಊರಿನವರು ಬಿಡಲಿಲ್ಲ. ದೈತ್ಯನ ಪಾತ್ರಕ್ಕೆ ಮಾಸ್ತರರ ಮಗಳು ಅಂಬವ್ವ ನಿಲ್ಲುತ್ತಾಳೆ. ಬಿಲ್ಲೆ ಹಾಕುವುದು ಅವಳಿಗೆ ಇದೇ ಮೊದಲು. ಸೈಡ್ ವಿಂಗಿನಲ್ಲಿ ಕೊಡ ತುಂಬಿಯೇ ಇದೆ.

ಇಷ್ಟು ಬರೆದದ್ದು ಮಧ್ಯಾಹ್ನ. ಆಗ ನಾನು ನಿನ್ನಲ್ಲಿ ಒಂದೇ ಒಂದು ಬೇಡಬೇಕೆಂದಿದ್ದೆ. ತಾಯೀ, ಆ ಕೊಡದ ಕಂಠದ ಮೇಲೆ ಉಳಿಯಿಂದ ಕೆತ್ತಿಸಿಬಿಡು: ‘ದಿನಾ ಬರಿದು ಮಾಡಿ ತೊಳೆಯತಕ್ಕದ್ದು’ ಎಂದು. ನಿನ್ನ ವಂಶದಲ್ಲಿ ಒಬ್ಬ ಬಾಯಿಬಡುಕ ಹುಟ್ಟುತ್ತಾನೆ. ಅವನ ಬಾಯಿಗೆ ಅದೊಂದೇ ಕಡಿವಾಣ ಎಂದು.

ಮಾಳವ್ವ ಪಕ್ಕದ ಕೋಣೆಯಲ್ಲಿ ಕಿಟಕಿಗೆ ಕರಿ ಪರದೆ ಬಿಟ್ಟುಕೊಂಡು ಮಲಗಿದ್ದಳು. ತಾಸಿಗೊಮ್ಮೆ ಎದ್ದು ಹೋಗಿ ಹನಿ ಬಿಡುತ್ತಿದ್ದೆ. ಒಂದು ಸಲ ಹೋದಾಗ, “ಲೇಖಣಿ ಸಪ್ಪಳ ಕೇಳಾಕತ್ತೇತಿ. ಏನ ಬರಿಯಾಕತ್ತಿ?” ಎಂದಳು. ಹಿಂದಂಚೆ ಎಂದೆ. “ಓದು” ಎಂದಳು. ನಾನು ತಪ್ಪಿಸಿಕೊಳ್ಳಲು ನೋಡಿದೆ. “ಓದಣ್ಣಾ. ನನಗಂತೂ ಓದಾಕ ಆಗೂದಿಲ್ಲ” ಎಂದಳು. ಓದಿದೆ. ಎಲ್ಲವನ್ನೂ ಓದಿದೆ: ಇಳಕಲ್ಲಿನ ಭಾಷಣ, ಹುಣಸೆಹಣ್ಣು, ಕೆಂಪು ಇಳಿಸಿದ ಹನಿ, ನಾಳೆಯೂ ಹೀಗೆ ಅಳು ಎಂದದ್ದು. ಕೊಡದ ಸಂಗತಿ ಅವಳು ಕೇಳಿದ್ದು ಅದೇ ಮೊದಲು.

ಬಯ್ಯುತ್ತಾಳೆಂದು ಕಾದೆ. ಅವಳು ನಕ್ಕಳು, ದೈತ್ಯನ ನಗೆಯಲ್ಲ, ತನ್ನದೇ ನಗೆ. “ಸತ್ತ ಇನ್ನೂರು ವರ್ಷಾದ ಮುದುಕೀಗೆ ಎಷ್ಟ ಚಂದ ಬರದೀಯೋ ಮಾರಾಯಾ! ಆಕಿ ಬಂದ ನಿನ್ನ ಕಪಾಳಕ್ಕ ಹೊಡಿಯೂದಿಲ್ಲಂತ ಧೈರ್ಯ ನಿನಗ. ಹೊರಗ ಬರತಾರಲ್ಲ ಮಂದಿ, ಅವರಿಗೆ ಹೇಳ ನೋಡೂಣು.”

ಸದ್ದಿಲ್ಲದೆ ಕೊಡ ಚೆಲ್ಲಿಬಿಡುತ್ತೇನೆ, ಅಂಬವ್ವನಿಗೆ ಏನೂ ಆಗಗೊಡುವುದಿಲ್ಲ ಎಂದೆ.

“ನಮ್ಮ ಕೊಡಾ ಚೆಲ್ತಿ. ನಿನ್ನ ಮಾತ ಕೇಳಿ ಮಂದಿ ಮನಿಯಾಗ ಇಟ್ಟಾರಲ್ಲ, ಅವನ್ನ ಯಾರ ಚೆಲ್ಲಬೇಕು? ಮಂದಿ ನಗತಾರಂತ ಅಲ್ಲೇನು ನೀ ಬಾಯಿ ಮುಚಗೊಂಡಿದ್ದು? ನಗಲಿ ಬಿಡು. ನನ್ನ ಕಣ್ಣಿಗಿಂತ ನಿನ್ನ ಮಾನ ದೊಡ್ಡದೇನು?” ಎಂದವಳೇ, ನನ್ನನ್ನು ಕೇಳದೆ ಗಂಟಲೆತ್ತಿದಳು. “ಮಾಸ್ತರ್! ಏ ಪೇಟಿ ಮಾಸ್ತರ್! ಇಲ್ಲಿ ಬರ್ರಿ!”

ವೀರಪ್ಪಯ್ಯ ಧೋತರದ ಚುಂಗು ಹಿಡಿದುಕೊಂಡು ಬಂದರು. ನಾನು ಹೇಳಿದೆ. ಮಾತುಗಳು ಚದುರಿ ಚದುರಿ ಬಂದವು. ಕೊಡದಲ್ಲೇ ಇತ್ತು ಎಂಬಲ್ಲಿಗೆ ಬಂದೆನೋ ಇಲ್ಲವೋ, ಆ ಮುಪ್ಪಿನ ಜೀವ ತಿರುಗಿ ಓಡಿತು. “ಅಂಬವ್ವಾ! ಬಿಲ್ಲೆ ಹಾಕ್ಕೊಂಡ್ಯೇನ? ಕೊಡಕ್ಕ ಕೈ ಹಚ್ಚಿದ್ಯೇನ?” ಎಂಬ ಕೂಗು ಬಣ್ಣದ ಕೋಣೆಯ ತನಕ ಹೋಯಿತು. “ಇನ್ನೂ ಮುಖಕ್ಕ ಬಣ್ಣಾ ಹಚಗೊಳ್ಳಾಕತ್ತೀನಪ್ಪಾ, ಯಾಕ್ ಚೀರ್ತಿ?” ಎಂದಿತು ಆ ಹುಡುಗಿಯ ದನಿ.

ಮಾಸ್ತರ್ ಹಿಂತಿರುಗಿ ಬಂದು ಬಾಗಿಲಲ್ಲೇ ನಿಂತರು. “ಮಾಲಕರ,” ಎಂದರು, “ಮುಂಜಾನಿ ತಾಲೀಮಿನಾಗ ನನ್ನ ಬಾಜೂಕ ಕುಂತಿದ್ರಿ. ಅಕಿಗೆ ಕಣ್ಣು ಹೆಂಗ ಅರಳಿಸಬೇಕಂತ ಹೇಳಿಕೊಟ್ರಿ. ಆವಾಗೂ ನಿಮಗ ಗೊತ್ತಿತ್ತಲ್ರಿ?” ಗೊತ್ತಿತ್ತು ಎಂದೆ. ಮೂವತ್ತು ವರ್ಷ ನನ್ನ ಹಾಡಿಗೆ ಶ್ರುತಿ ಹಿಡಿದ ಮನುಷ್ಯ ನನ್ನ ಮುಖ ನೋಡದೆ ಹೋಗಿ, ಕೊಡವನ್ನು ಎತ್ತಿಕೊಂಡು ಬಂದು ನನ್ನ ಮುಂದಿಟ್ಟರು.

ನಾನು ತೋಳು ಮಡಚಿ ಕೊಡದೊಳಗೆ ಕೈ ಇಳಿಸಿದೆ. ಮೇಲಿನ ನೀರು ತಿಳಿಯಾಗಿಯೇ ಇತ್ತು. ಒಳಗೋಡೆಗೆ ಬೆರಳು ತಾಗಿತು. ಲೋಳೆ! ದಪ್ಪ, ನುಣುಪು, ತಳದವರೆಗೂ. ಒಂದು ವರ್ಷದ ನನ್ನ ಚಪ್ಪಾಳೆಯೆಲ್ಲ ಅಲ್ಲಿ ಪದರು ಪದರಾಗಿ ಕೂತಂತಿತ್ತು. ಸಾಬೂನು ಹಚ್ಚಿ ಮತ್ತೆ ಮತ್ತೆ ಕೈ ತೊಳೆದ ಮೇಲೆಯೇ ಈ ಲೇಖಣಿ ಹಿಡಿದಿದ್ದೇನೆ.

ಹೀಗಾಗಿ, ಹೊಳೆವ್ವಾಯಿ, ನನ್ನ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೊಡದ ಮೇಲೆ ಏನನ್ನೂ ಕೆತ್ತಿಸಬೇಡ. ನೀನು ಬಾಯಲ್ಲಿ ಹೇಳಿಹೋದದ್ದು ಏಳು ತಲೆಮಾರಿಗೆ ಸಾಕಾಗಿತ್ತು. ನನಗೆ ಗೊತ್ತಿಲ್ಲದೆ ಕೆಟ್ಟದ್ದಲ್ಲ ಇದು. ಹೊರಗೆ ಜನ ಬಂದು ಕೂತಿದ್ದಾರೆ, ಮೊದಲ ಬೆಲ್ ಆಗಿದೆ. ಎರಡನೆಯದಕ್ಕೆ ನಾನು ಪರದೆಯ ಮುಂದೆ ಹೋಗುತ್ತೇನೆ. ದೊಡ್ಡ ಹಂಡೆಯೊಂದನ್ನು ತರಿಸಿದ್ದೇನೆ. ಎಲ್ಲರೆದುರು ಆ ನೀರನ್ನು ಅದಕ್ಕೆ ಸುರಿದು, ಕೊಡವನ್ನು ಬೆಳಕಿಗೆ ವಾಲಿಸಿ ಒಳಗಿನ ಲೋಳೆ ತೋರಿಸುತ್ತೇನೆ. ಬರಿದಾಗದ ಕೊಡ ಎಂದದ್ದು ಸುಳ್ಳು, ಆ ಸುಳ್ಳು ಹೊಳೆವ್ವನದಲ್ಲ ನನ್ನದು ಎನ್ನುತ್ತೇನೆ. ಮನೆಯಲ್ಲಿ ಕೊಡ ಇಟ್ಟವರು ಇಂದೇ ಚೆಲ್ಲಿರಿ, ಬಿಲ್ಲೆ ಹಾಕುವವರು ಅದಕ್ಕೆ ಯಾವ ನೀರನ್ನೂ ಮುಟ್ಟಿಸಬೇಡಿ, ಅದರ ಔಷಧಿದ್ರವದಲ್ಲೇ ತೊಳೆಯಿರಿ, ಕಣ್ಣು ಕೆಂಪಾಗಿ ಬೆಳಕಿಗೆ ನೊಂದರೆ ಮನೆಯ ಹನಿ ಬಿಡದೆ ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇನೆ. ದೈತ್ಯ ಇಂದು ಬಿಲ್ಲೆಯಿಲ್ಲದೆ ಬರುತ್ತಾನೆ. ಅಂಬವ್ವನಿಗೆ ಅವಳದೇ ಕಣ್ಣು ಸಾಕು.

ಮಾಳವ್ವ ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ಬೆಳಕು ತಡೆಯಲಾರೆ ಎಂದರೆ, “ಕಣ್ಣಿಗೆ ಅರಿವಿ ಕಟ್ಟು, ಕೈ ಹಿಡದ ನಡಸು. ನೀ ನಡುವ ಕಥೀ ತಿರುವಿದಿ ಅಂದ್ರ ಬಾಜೂಕ ನಿಂತ ಚೂಟತೀನಿ” ಎನ್ನುತ್ತಾಳೆ. ಆ ಕಣ್ಣು ಉಳಿದೀತೇ ಎಂದು ನಿನಗೆ ತಿಳಿಸಲು ನನ್ನ ಬಳಿ ಇನ್ನೊಂದು ಕಾಗದವಿಲ್ಲ. ಉಳಿಯದಿದ್ದರೆ ಅದಕ್ಕೆ ಕ್ಷಮೆ ಕೊಡುವ ಅಧಿಕಾರ ನಿನಗೂ ಇಲ್ಲ, ಬೇರೆ ಯಾರಿಗೂ ಇಲ್ಲ, ಅವಳೊಬ್ಬಳಿಗೇ. ಅವಳು ಇನ್ನೂ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಅವಳ ತಾಸಿನ ಹನಿಗೆ ಹೊತ್ತಾಯಿತು. ಅದನ್ನು ಬಿಟ್ಟು, ಅರಿವೆ ಕಟ್ಟಿ, ಕರೆದುಕೊಂಡು ಹೊರಡುತ್ತೇನೆ.

ಇತಿ, ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದ ಮೊಮ್ಮಗ
ಫಕ್ಕೀರೇಶ